ಗುರುವಾರ ಸಂಜೆ ನಾಲ್ಕೂವರೆಗೆ

ಅಂಚೆ ಕಚೇರಿಯ ಕೌಂಟರಿನಲ್ಲಿ ವರ್ಷಗಟ್ಟಲೆ ಕೂತವರಿಗೆ ಒಂದು ಸಂಗತಿ ತಾನಾಗಿ ತಿಳಿದುಬಿಡುತ್ತದೆ. ಮಾಸಿಕ ಆದಾಯ ಯೋಜನೆಯ ಬಡ್ಡಿಗೆಂದು ಬರುವ ಹಿರಿಯರಲ್ಲಿ ಕೆಲವರಿಗೆ ದುಡ್ಡಿನ ಅವಸರವಿರುವುದಿಲ್ಲ. ಪಾಸ್‌ಬುಕ್ ತುಂಬಿಸುವ ನೆಪದಲ್ಲಿ ನಾಲ್ಕು ಮಾತಾಡಿ ಹೋಗಲು ಬಂದಿರುತ್ತಾರೆ. ಬಡ್ಡಿ ನೇರವಾಗಿ ಉಳಿತಾಯ ಖಾತೆಗೆ ಜಮೆಯಾಗತೊಡಗಿದ ಮೇಲೆ ಅವರಲ್ಲಿ ಹಲವರ ಮುಖ ಕಾಣುವುದೇ ನಿಂತಿತು. ನಿವೃತ್ತಿಯಾದ ಬಳಿಕ ಮೈಸೂರಿನ ಸರಸ್ವತಿಪುರಂನಲ್ಲಿ ಅಂಥವರನ್ನು ಹುಡುಕಿಕೊಂಡು ಹೋಗಿ, ನಮ್ಮ ಮನೆಯ ಹಜಾರದಲ್ಲಿ ಪ್ರತಿ ಗುರುವಾರ ಸೇರುವ ಒಂದು ಸಣ್ಣ ಕೂಟವನ್ನು ಕಟ್ಟಿದೆ. ಅದನ್ನು ಹೇಗೆ ಮಾಡಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಪ್ಪಿಸಬೇಕಾಗಿ ಬಂದದ್ದು ಹಿರಿಯರನ್ನಲ್ಲ, ದೂರದಲ್ಲಿರುವ ಅವರ ಮಕ್ಕಳನ್ನು. ಅಡುಗೆಯವರಿದ್ದಾರೆ, ಗೇಟಿಗೆ ಕ್ಯಾಮೆರಾ ಇದೆ, ದಿನವೂ ವಿಡಿಯೋ ಕಾಲ್ ಮಾಡುತ್ತೇವೆ, ಅಮ್ಮನಿಗೆ ಇನ್ನೇನು ಕಡಿಮೆ ಎಂದು ಅವರು ಪ್ರಾಮಾಣಿಕವಾಗಿಯೇ ಕೇಳುತ್ತಾರೆ. ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಡಾ. ವಿವೇಕ್ ಮೂರ್ತಿಯವರು ಅಮೆರಿಕದ ಸರ್ಜನ್ ಜನರಲ್, ಅಂದರೆ ಸಾರ್ವಜನಿಕ ಆರೋಗ್ಯದ ಕುರಿತು ಅಲ್ಲಿನ ಸರ್ಕಾರದ ಪ್ರಮುಖ ವೈದ್ಯಾಧಿಕಾರಿ, ಆಗಿದ್ದಾಗ, 2023ರಲ್ಲಿ, ಒಂಟಿತನವನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯೆಂದೇ ಸಾರಿದ್ದನ್ನೂ, ಜಗತ್ತಿನ ಪ್ರತಿ ಆರು ಜನರಲ್ಲಿ ಒಬ್ಬರನ್ನು ಅದು ಬಾಧಿಸುತ್ತಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2025ರ ವರದಿಯಲ್ಲಿ ಹೇಳಿದ್ದನ್ನೂ ಅವರಿಗೆ ಫೋನಿನಲ್ಲಿ ವಿವರಿಸುತ್ತೇನೆ. ಬೇಜಾರು ಎಂಬ ಮಾತಿಗೆ ಕಿವಿಗೊಡದವರು, ಒಂಟಿತನದಿಂದ ಹೃದ್ರೋಗ, ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ ಎಂದಾಗ ಗಮನಿಸುತ್ತಾರೆ.

ಹಿರಿಯರ ವಿಷಯ ಬೇರೆ. ‘ನಿಮಗೆ ಬೇಸರವಾಗಬಹುದು, ಬನ್ನಿ’ ಎಂದು ಕರೆದರೆ ಸ್ವಾಭಿಮಾನಿಗಳು ಖಂಡಿತ ಬರುವುದಿಲ್ಲ, ಬರಬಾರದು ಕೂಡ. ಆದ್ದರಿಂದ ನಾನು ಯಾರ ಬಳಿಗೆ ಹೋದರೂ ಏನನ್ನಾದರೂ ಕೇಳಿಕೊಂಡೇ ಹೋಗುತ್ತೇನೆ. ಪತ್ನಿ ತೀರಿಕೊಂಡ ಮೇಲೆ ಬಾಗಿಲು ಹಾಕಿಕೊಂಡಿದ್ದ ಹಿರಿಯರೊಬ್ಬರು ಹಿಂದೆ ಕಾವ್ಯವನ್ನು ರಾಗವಾಗಿ ಓದುವ ಗಮಕ ವಾಚನ ಮಾಡುತ್ತಿದ್ದರೆಂದು ತಿಳಿದಿತ್ತು. ಆರು ಸಾಲಿನ ಭಾಮಿನಿ ಷಟ್ಪದಿಯ ಒಂದು ಪದ್ಯವನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಂಡು ಹೋಗಿ, ‘ಮೂರನೆಯ ಸಾಲನ್ನು ಎಲ್ಲಿ ನಿಲ್ಲಿಸಬೇಕು, ತಿಳಿಯುತ್ತಿಲ್ಲ’ ಎಂದೆ. ಅವರು ಹೊಸ್ತಿಲಲ್ಲೇ ನಿಂತು ಕನ್ನಡಕ ಹಾಕಿಕೊಂಡರು, ಒಮ್ಮೆ ಮನಸ್ಸಿನಲ್ಲೇ ಓದಿಕೊಂಡರು, ಆಮೇಲೆ ತೊಡೆಯ ಮೇಲೆ ಬೆರಳಿನಿಂದ ಛಂದಸ್ಸಿನ ಮಾತ್ರೆಗಳನ್ನು ಎಣಿಸುತ್ತ ಮೆಲ್ಲಗೆ ಹಾಡಿದರು. ‘ಇದಕ್ಕೆ ಅರ್ಥ ಹೇಳುವವರು ಯಾರಿದ್ದಾರೆ?’ ಎಂದು ಅವರೇ ಕೇಳಿದರು. ಗಮಕದಲ್ಲಿ ವಾಚನಕ್ಕೆ ಒಬ್ಬರು, ವ್ಯಾಖ್ಯಾನಕ್ಕೆ ಇನ್ನೊಬ್ಬರು ಬೇಕು. ಆ ಇನ್ನೊಬ್ಬರು, ನಿವೃತ್ತ ಕನ್ನಡ ಅಧ್ಯಾಪಕಿ, ಎರಡು ಬೀದಿಗಳಾಚೆ ಒಬ್ಬರೇ ವಾಸವಾಗಿದ್ದರು. ಕೂಟ ಶುರುವಾದದ್ದು ಹೀಗೆ.

ಎಷ್ಟೋ ಮಂದಿಯನ್ನು ಮನೆಯಲ್ಲೇ ಉಳಿಸುವುದು ಮನಸ್ಸಿನ ಕಾರಣಗಳಲ್ಲ. ಮಂಡಿನೋವು, ಹೊರಗೆ ಹೋದಾಗ ಶೌಚಾಲಯ ಸಿಗದೆಂಬ ಆತಂಕ, ಕತ್ತಲಾದ ಮೇಲೆ ರಸ್ತೆ ದಾಟುವ ಭಯ, ಎಲ್ಲಕ್ಕಿಂತ ಮಿಗಿಲಾಗಿ ಕಿವಿ ಮಂದವಾಗಿರುವುದು. ಗುಂಪಿನಲ್ಲಿ ಮಾತು ಸ್ಪಷ್ಟವಾಗಿ ಕೇಳದವರು ಎರಡು ಸಲ ‘ಏನಂದಿರಿ?’ ಎಂದು ಕೇಳಿ, ಮೂರನೆಯ ಸಲ ಸುಮ್ಮನೆ ನಕ್ಕು, ಮುಂದಿನ ವಾರ ಬರುವುದನ್ನೇ ಬಿಡುತ್ತಾರೆ. ಆದ್ದರಿಂದ ಮೆಟ್ಟಿಲಿಲ್ಲದ ನೆಲಮಹಡಿ, ಕಮೋಡ್ ಇರುವ ಶೌಚಾಲಯ, ಬೆಳಕಿರುವಾಗಲೇ ಮನೆ ಸೇರುವಂಥ ಸಮಯ, ಇವಿಷ್ಟನ್ನು ಮೊದಲೇ ಖಚಿತಪಡಿಸಿಕೊಂಡೆ. ಫ್ಯಾನ್ ಮತ್ತು ಟಿ.ವಿ. ಆರಿಸಿ, ಪರಸ್ಪರ ಮುಖ ಕಾಣುವಂತೆ ಕುರ್ಚಿ ಹಾಕಿ, ಒಂದು ಸಲಕ್ಕೆ ಒಬ್ಬರೇ ಮಾತಾಡುವುದನ್ನು ರೂಢಿಗೆ ತಂದೆವು. ಇದಕ್ಕೆ ಖರ್ಚು ಏನೂ ಇಲ್ಲ, ಆದರೆ ಭಾಷಣ ಮತ್ತು ಸನ್ಮಾನವಿರುವ ದೊಡ್ಡ ಹಿರಿಯ ನಾಗರಿಕರ ಸಮಾರಂಭಗಳಲ್ಲಿ ಇದನ್ನು ಯಾರೂ ಯೋಚಿಸುವುದಿಲ್ಲವೆಂಬ ನೋವು ನನಗಿದೆ.

ಕೂಟದಿಂದ ಎಲ್ಲವೂ ಸರಿಹೋಗುತ್ತದೆಂದು ನಾನು ಹೇಳುವುದಿಲ್ಲ. ಊಟ, ನಿದ್ದೆ ಬಿಟ್ಟವರಿಗೆ, ‘ಇನ್ನು ಬದುಕಿ ಏನಾಗಬೇಕು’ ಎಂದು ಪದೇಪದೇ ಹೇಳುವವರಿಗೆ ವೈದ್ಯರ ನೆರವು ಬೇಕೇ ಬೇಕು. ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಯನ್ನು ಎಲ್ಲರ ಫೋನಿನಲ್ಲಿ ಉಳಿಸಿಕೊಟ್ಟಿದ್ದೇನೆ. ಗುರುವಾರ ಯಾರಾದರೂ ಹೇಳದೆ ತಪ್ಪಿಸಿಕೊಂಡರೆ ಅಂದೇ ಸಂಜೆ ಅವರ ಮನೆಗೆ ಹೋಗಿ ಬರಬೇಕೆಂಬ ಸರದಿಯೂ ಇದೆ. ಆ ಸರದಿಯ ಪಟ್ಟಿಯನ್ನು ಈಗ ಬರೆದಿಡುತ್ತಿರುವವರು ಆ ಗಮಕಿಗಳೇ.