10 ಕಿ.ಮೀ. ಓಟದಲ್ಲಿ ಎರಡೂವರೆ ನಿಮಿಷ ಇಳಿಸುವುದು ಹೇಗೆ?

ವಾರಕ್ಕೆ ನಾಲ್ಕು ದಿನ ತಪ್ಪದೆ ಓಡುತ್ತೀರಿ, ಆದರೂ 10 ಕಿ.ಮೀ. ಸಮಯ 60 ನಿಮಿಷದಿಂದ ಕೆಳಗಿಳಿಯುತ್ತಿಲ್ಲ. ನೀವು ಓಡುವುದು ಕಡಿಮೆಯಾಗಿದೆ ಎಂದೇನಲ್ಲ. ನಾಲ್ಕೂ ದಿನ ಒಂದೇ ವೇಗದಲ್ಲಿ, ಅತ್ತ ಆರಾಮವೂ ಅಲ್ಲದ ಇತ್ತ ಕಷ್ಟವೂ ಅಲ್ಲದ ವೇಗದಲ್ಲಿ ಓಡುತ್ತಿದ್ದೀರಿ, ಅಷ್ಟೇ. ಇದನ್ನು ಮುರಿಯಲು ವಾರಕ್ಕೊಂದು ಇಂಟರ್ವಲ್ ಓಟ, ಅಂದರೆ ಮಧ್ಯೆ ಮಧ್ಯೆ ಬಿಡುವು ಕೊಟ್ಟು ತುಂಡು ತುಂಡಾಗಿ ಜೋರಾಗಿ ಓಡುವುದು, ಸಾಕು. ಎರಡು ಬೇಡ.

ಇಂಟರ್ವಲ್ ಎಂದರೆ ಜೋರಾಗಿ ಓಡುವ ತುಂಡು ಎಂದುಕೊಂಡವರೇ ಹೆಚ್ಚು. ನಿಜಕ್ಕೂ ಅದು ಎರಡು ತುಂಡುಗಳ ನಡುವಿನ ಬಿಡುವಿನ ಹೆಸರು. 1930ರ ದಶಕದಲ್ಲಿ ಜರ್ಮನಿಯಲ್ಲಿ ಕೋಚ್ ವೋಲ್ಡೆಮಾರ್ ಗೆರ್ಷ್ಲರ್ ಮತ್ತು ಹೃದಯತಜ್ಞ ಹರ್ಬರ್ಟ್ ರೈಂಡೆಲ್ ಈ ಪದ್ಧತಿಯನ್ನು ರೂಪಿಸಿದಾಗ ಅವರ ಕಣ್ಣಿದ್ದದ್ದು ಆ ಬಿಡುವಿನ ಮೇಲೆಯೇ. ಎಷ್ಟು ಬೇಗ ಓಡಿದೆ ಎನ್ನುವಷ್ಟೇ ಮುಖ್ಯ, ಎಷ್ಟು ಸುಧಾರಿಸಿಕೊಂಡು ಮುಂದಿನದಕ್ಕೆ ನಿಂತೆ ಎನ್ನುವುದು.

ಮೊದಲು ಲೆಕ್ಕ

ಕನಿಷ್ಠ ಆರು ತಿಂಗಳಿಂದ ಓಡುತ್ತಿದ್ದು, ವಾರಕ್ಕೆ 30ರಿಂದ 35 ಕಿ.ಮೀ. ನೋವಿಲ್ಲದೆ ಆಗುತ್ತಿದ್ದರೆ ಶುರುಮಾಡಬಹುದು. ವಯಸ್ಸು 40 ದಾಟಿದ್ದರೆ, ಬಿಪಿ ಅಥವಾ ಶುಗರ್ ಇದ್ದರೆ, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲಿ ಹೃದಯದ ತೊಂದರೆ ಬಂದಿದ್ದರೆ ಮೊದಲು ವೈದ್ಯರನ್ನು ಕಾಣಿ.

ಇನ್ನು ವೇಗ. ಇಲ್ಲಿ ಆಸೆಗೆ ಜಾಗವಿಲ್ಲ, ಇವತ್ತಿನ ಶಕ್ತಿಯನ್ನೇ ಹಿಡಿಯಬೇಕು. ಇತ್ತೀಚೆಗೆ 10 ಕಿ.ಮೀ.ಯನ್ನು 60 ನಿಮಿಷದಲ್ಲಿ ಓಡಿದವರು 5 ಕಿ.ಮೀ.ಯನ್ನು ಸುಮಾರು 28 ನಿಮಿಷ 45 ಸೆಕೆಂಡಿನಲ್ಲಿ ಓಡಬಲ್ಲರು. ಅಂದರೆ ಕಿಲೋಮೀಟರಿಗೆ 5:45. ಇದೇ ನಿಮ್ಮ ಇಂಟರ್ವಲ್ ವೇಗ: 400 ಮೀಟರಿಗೆ 2:18, 800 ಮೀಟರಿಗೆ 4:36. ಇದೇ ವೇಗವನ್ನು 10 ಕಿ.ಮೀ. ಉದ್ದಕ್ಕೂ ಎಳೆದರೆ 57:30 ಆಗುತ್ತದೆ. ಇವತ್ತು 5 ಕಿ.ಮೀ.ಗೆ ಸಾಲುವ ವೇಗವನ್ನು ಎರಡು ತಿಂಗಳಲ್ಲಿ 10 ಕಿ.ಮೀ.ಗೆ ಹಿಗ್ಗಿಸುವುದೇ ಇಲ್ಲಿನ ಗುರಿ. 60ರಿಂದ ನೇರ 50ಕ್ಕೆ ಹಾರುತ್ತೇನೆ ಎನ್ನುವವರು ಮೂರನೇ ವಾರಕ್ಕೆ ಫಿಸಿಯೋ ಬಳಿ ಇರುತ್ತಾರೆ.

ಉಳಿದ ದಿನಗಳ ಓಟ ಕಿಲೋಮೀಟರಿಗೆ 7:00ರಿಂದ 7:30. ಪಕ್ಕದವರೊಡನೆ ಪೂರ್ತಿ ವಾಕ್ಯದಲ್ಲಿ ಹರಟುತ್ತಾ ಓಡುವಷ್ಟು ನಿಧಾನ. ಇದನ್ನು ಒಪ್ಪಿಸುವುದೇ ಕಷ್ಟ. ವಾಚಿನಲ್ಲಿ 7:20 ಕಂಡರೆ ಗೆಳೆಯರ ಗುಂಪಿನಲ್ಲಿ ಮರ್ಯಾದೆ ಹೋಯಿತು ಎಂದುಕೊಳ್ಳುವವರಿದ್ದಾರೆ. ಮಂಗಳವಾರ ಸುಮ್ಮನೆ ಬೆವರು ಸುರಿಸಿದರೆ ಬುಧವಾರದ ಇಂಟರ್ವಲ್‌ಗೆ ಕಾಲು ಬರುವುದಿಲ್ಲ.

ಎಲ್ಲಿ ಓಡುವುದು

400 ಮೀಟರ್ ಟ್ರ್ಯಾಕ್ ಸಿಕ್ಕರೆ ಅದೇ ಸುಲಭ. ಬೆಂಗಳೂರಿನ ಕಂಠೀರವ, ಮೈಸೂರಿನ ಚಾಮುಂಡಿ ವಿಹಾರ, ಮಂಗಳೂರಿನ ಮಂಗಳಾ ಕ್ರೀಡಾಂಗಣಗಳಲ್ಲಿ ಸಿಂಥೆಟಿಕ್ ಟ್ರ್ಯಾಕ್ ಇದೆ. ಸಾರ್ವಜನಿಕರಿಗೆ ಬಿಡುವ ಹೊತ್ತನ್ನು ಮೊದಲೇ ಕೇಳಿಕೊಳ್ಳಿ. ಟ್ರ್ಯಾಕ್ 400 ಮೀಟರ್ ಆಗುವುದು ಒಳಗಿನ ಮೊದಲ ಲೇನಿನಲ್ಲಿ ಮಾತ್ರ. ಹೊರಗಿನ ಒಂದೊಂದು ಲೇನಿಗೂ ಸುತ್ತಿಗೆ ಏಳೂವರೆ ಮೀಟರಿನಷ್ಟು ಜಾಸ್ತಿ. ನಾಲ್ಕನೇ ಲೇನಿನಲ್ಲಿ ಓಡುವವರು ಪ್ರತಿ ಸುತ್ತಿಗೂ ಸುಮಾರು 22 ಮೀಟರ್ ಹೆಚ್ಚು ಓಡಿ, ಸಮಯ ಬರುತ್ತಿಲ್ಲವೆಂದು ಕೊರಗುತ್ತಾರೆ. ಟ್ರ್ಯಾಕಿನಲ್ಲಿ ಜಿಪಿಎಸ್ ತೋರಿಸುವ ಪೇಸ್ (ಕಿಲೋಮೀಟರಿಗೆ ಹಿಡಿಯುವ ಸಮಯ) ನಂಬಬೇಡಿ, ತಿರುವುಗಳಲ್ಲಿ ಅದು ತಪ್ಪುತ್ತದೆ. ಗೆರೆ ದಾಟಿದಾಗ ಲ್ಯಾಪ್ ಬಟನ್ ಒತ್ತಿ.

ತಾಲ್ಲೂಕು ಮೈದಾನದ 200 ಮೀಟರ್ ಮಣ್ಣಿನ ಟ್ರ್ಯಾಕ್ ಆದರೂ ಪರವಾಗಿಲ್ಲ. ತಿರುವು ಬಿಗಿಯಾಗಿರುವುದರಿಂದ ಎರಡೂ ಕಾಲಿನ ಮೇಲೆ ಭಾರ ಸಮನಾಗಿ ಬೀಳುವುದಿಲ್ಲ, ಹಾಗಾಗಿ ಒಂದು ರೆಪ್ (ಜೋರಾಗಿ ಓಡುವ ಒಂದು ತುಂಡು) ಬಿಟ್ಟು ಒಂದರಲ್ಲಿ ದಿಕ್ಕು ಬದಲಿಸಿ. ಯಾವುದೂ ಇಲ್ಲದಿದ್ದರೆ ವಾಹನ ಕಡಿಮೆ ಇರುವ ನೇರ, ಸಮತಟ್ಟು ರಸ್ತೆಯಲ್ಲಿ ಒಮ್ಮೆ ಅಳೆದು ಎರಡು ಗುರುತು ಮಾಡಿಕೊಳ್ಳಿ.

ಒಂದು ಬೆಳಗಿನ ಓಟ: 800 ಮೀಟರ್, ಐದು ಸಲ

ಮನೆಯಿಂದ ಹೊರಡುವ ಮುಕ್ಕಾಲು ಗಂಟೆ ಮುಂಚೆ ಒಂದು ಬಾಳೆಹಣ್ಣು, ಅಭ್ಯಾಸವಿದ್ದರೆ ಕಾಫಿ. ಟ್ರ್ಯಾಕಿನಲ್ಲಿ ಮೊದಲು 15 ನಿಮಿಷ ನಿಧಾನ ಜಾಗ್. ಆಮೇಲೆ ಕಾಲನ್ನು ಹಿಂದೆ ಮುಂದೆ ಬೀಸುವುದು, ಮಂಡಿ ಎತ್ತಿ ನಡೆಯುವುದು. ನಿಂತಲ್ಲೇ ಸ್ನಾಯು ಎಳೆದು ಹಿಡಿಯುವ ಸ್ಟ್ರೆಚ್ ಈಗ ಬೇಡ, ಓಟದ ನಂತರಕ್ಕಿರಲಿ. ಕೊನೆಗೆ 80 ಮೀಟರಿನ ನಾಲ್ಕು ಸ್ಟ್ರೈಡ್: ನಿಧಾನಕ್ಕೆ ಶುರುವಾಗಿ ಚುರುಕಾಗಿ ಮುಗಿಯಬೇಕು, ಮಧ್ಯೆ ನಡೆದು ವಾಪಸ್. ವಾರ್ಮಪ್ ಬಿಟ್ಟು ನೇರ ಓಡಿದರೆ ಮೊದಲ ರೆಪ್ಪೇ ವಾರ್ಮಪ್ ಆಗುತ್ತದೆ, ಮೀನಖಂಡ ಹಿಡಿದುಕೊಳ್ಳುವುದೂ ಆಗಲೇ.

ಈಗ ಮೊದಲ 800. ಪ್ರತಿ 200 ಮೀಟರಿಗೆ 69 ಸೆಕೆಂಡ್. ಕಾಲು ತಾಜಾ ಇರುವುದರಿಂದ ಮೊದಲ 200 ಮೀಟರ್ 60 ಸೆಕೆಂಡಿನಲ್ಲೇ ಬಂದುಬಿಡುತ್ತದೆ, ತಪ್ಪು ಆಗುವುದೂ ಅಲ್ಲಿಯೇ. ಬೇಕೆಂದೇ ತಡೆದು ಓಡಿ, ಸುತ್ತು ಮುಗಿದಾಗ ವಾಚು 2:18 ತೋರಿಸಬೇಕು. ಮೊದಲೆರಡು ರೆಪ್ ‘ಇಷ್ಟೇನಾ’ ಅನ್ನಿಸಬೇಕು, ಮೂರನೆಯದರಲ್ಲಿ ಗಮನ ಬೇಕು, ನಾಲ್ಕನೆಯದು ಕಷ್ಟ, ಐದನೆಯದು ಹಲ್ಲು ಕಚ್ಚಿ.

ಪ್ರತಿ 800ರ ನಂತರ ಒಂದು ಸುತ್ತು ತೀರಾ ನಿಧಾನ ಜಾಗ್, ಸುಮಾರು ಮೂರೂವರೆ ನಿಮಿಷ. ನೆಲದ ಮೇಲೆ ಕೂರಬೇಡಿ. ರೆಪ್ ಶುರುವಾದ ಮೇಲೆ ದೇಹ ಆಮ್ಲಜನಕ ಬಳಸುವ ಪ್ರಮಾಣ ಮೇಲಕ್ಕೇರಲು ಒಂದೆರಡು ನಿಮಿಷ ಬೇಕು. ನಾಲ್ಕೂವರೆ ನಿಮಿಷದ ರೆಪ್ಪಿನಲ್ಲಿ ಉಪಯೋಗ ಸಿಗುವುದು ಉಳಿದ ಎರಡೂವರೆ ನಿಮಿಷದಲ್ಲಿ. ಜಾಗ್ ಮಾಡುತ್ತಿದ್ದರೆ ಮುಂದಿನ ರೆಪ್ಪಿನಲ್ಲಿ ಆ ಮಟ್ಟ ಬೇಗ ಮುಟ್ಟುತ್ತದೆ, ಪೂರ್ತಿ ತಣ್ಣಗಾದರೆ ಮತ್ತೆ ಮೊದಲಿನಿಂದ.

ಇಬ್ಬರ ವಾಚು ನೋಡೋಣ. ಒಬ್ಬರದು 4:12, 4:24, 4:41, 5:02, ಐದನೆಯದು ಇಲ್ಲ. ಇನ್ನೊಬ್ಬರದು 4:38, 4:36, 4:36, 4:35, 4:33. ಮೊದಲನೆಯವರೇ ಜೋರು ಎನಿಸಿದರೂ, ಅವರಿಂದ ಗುರಿಯ ವೇಗದಲ್ಲಿ ಆದದ್ದು ಒಂದು ರೆಪ್ಪೂ ಇಲ್ಲ. ಎರಡನೆಯವರು ನಾಲ್ಕು ಕಿಲೋಮೀಟರ್ ಮಾಡಿದ್ದಾರೆ, ಶುಕ್ರವಾರ ಮತ್ತೆ ಆರಾಮವಾಗಿ ಓಡುತ್ತಾರೆ. ಯಾವುದಾದರೂ ರೆಪ್ ಗುರಿಗಿಂತ 8–10 ಸೆಕೆಂಡ್ ತಡವಾದರೆ ಆವತ್ತಿಗೆ ಸಾಕು ಮಾಡಿ ಮನೆಗೆ ನಡೆಯಿರಿ. ಕೊನೆಗೆ 10 ನಿಮಿಷ ಜಾಗ್.

ಎಂಟು ವಾರ

ಮೊದಲ ವಾರ 400 ಮೀಟರ್ ಎಂಟು ಸಲ, ಮಧ್ಯೆ 200 ಮೀಟರ್ ಜಾಗ್. ಎರಡನೇ ವಾರ 600 ಮೀಟರ್ ಆರು ಸಲ, ಒಂದೊಂದೂ 3:27. ಮೂರನೆಯದು ಮೇಲಿನ 800ರ ಓಟ. ನಾಲ್ಕನೇ ವಾರ ಇಂಟರ್ವಲ್ ಇಲ್ಲ, ಒಟ್ಟು ಓಟವನ್ನೂ ಕಾಲು ಭಾಗ ತಗ್ಗಿಸಿ. ಐದು ಮತ್ತು ಆರನೇ ವಾರ ಒಂದೊಂದು ಕಿಲೋಮೀಟರ್, ಮೊದಲು ನಾಲ್ಕು ಸಲ, ಆಮೇಲೆ ಐದು ಸಲ, 5:45ರಂತೆ. ಇದು ಎರಡೂವರೆ ಸುತ್ತು ಆದ್ದರಿಂದ ರೆಪ್ ಮುಗಿಯುವುದು ಎದುರು ಬದಿಯಲ್ಲಿ, ಆ ಗೆರೆ ಗುರುತಿಟ್ಟುಕೊಳ್ಳಿ. ಏಳನೇ ವಾರ 1,600 ಮೀಟರ್ ಮೂರು ಸಲ, ಅದೇ ವೇಗ, 9:12. ಎಂಟನೆಯದು ಸ್ಪರ್ಧೆಯ ವಾರ: ಬುಧವಾರ 400 ಮೀಟರ್ ನಾಲ್ಕು ಸಲ ಓಡಿ ನಿಲ್ಲಿಸಿ.

ಗಮನಿಸಿ, ಎಂಟು ವಾರವೂ ವೇಗ ಏರಿಲ್ಲ, ತುಂಡು ಉದ್ದವಾಗಿದೆ ಅಷ್ಟೇ. ಸುಲಭವಾಯಿತು ಎಂದು ಎರಡನೇ ವಾರವೇ 5:30ಕ್ಕೆ ಇಳಿಯುವ ಚಪಲ ಬರುತ್ತದೆ. ಉಸಿರು ಬೇಗ ಒಗ್ಗಿಕೊಳ್ಳುತ್ತದೆ, ಮೂಳೆಗೂ ಹಿಮ್ಮಡಿಯ ಸ್ನಾಯುರಜ್ಜಿಗೂ ತಿಂಗಳುಗಳೇ ಬೇಕು. ಮೊಣಕಾಲಿನ ಕೆಳಗಿನ ಮೂಳೆಯುದ್ದಕ್ಕೂ ಮೊಂಡು ನೋವಿದ್ದರೆ ಒಂದು ವಾರ ಇಂಟರ್ವಲ್ ಬಿಡಿ. ಬೆರಳಿಟ್ಟು ‘ಇಲ್ಲೇ’ ಎಂದು ತೋರಿಸುವಂಥ ನೋವಾದರೆ ಓಟವನ್ನೇ ನಿಲ್ಲಿಸಿ ತೋರಿಸಿಕೊಳ್ಳಿ, ಅದು ಮೂಳೆಯ ಬಿರುಕಿನ ಶುರುವಾಗಿರಬಹುದು. ಕರಾವಳಿಯ ಸೆಕೆಯಲ್ಲಿ ಕಿಲೋಮೀಟರಿಗೆ 10 ಸೆಕೆಂಡ್ ಬಿಟ್ಟುಕೊಡಿ, ಶ್ರಮ ಅಷ್ಟೇ ಇರುತ್ತದೆ.

ಸ್ಪರ್ಧೆಯ ದಿನದ ಒಂದು ಲೆಕ್ಕ

ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ ವರ್ಲ್ಡ್ 10ಕೆಯಂಥ ದೊಡ್ಡ ಓಟಗಳಲ್ಲಿ ಮೊದಲ ಕಿಲೋಮೀಟರ್ ಜನರ ನಡುವೆ ನುಸುಳುವುದರಲ್ಲೇ ಹೋಗುತ್ತದೆ. 5:55 ಆದರೂ ಗಾಬರಿ ಬೇಡ. ತಿರುವುಗಳಲ್ಲಿ ಹೊರಬದಿಗೆ ಹೋಗಿ, ಜನರನ್ನು ಸುತ್ತಿ ಓಡಿದಾಗ ವಾಚು ಕೊನೆಗೆ ಹತ್ತರ ಬದಲು 10.1 ಕಿ.ಮೀ. ತೋರಿಸುವುದು ಮಾಮೂಲು. ಆಗ ವಾಚಿನಲ್ಲಿ 5:45 ಕಂಡರೂ ಮುಗಿಯುವುದು 58 ನಿಮಿಷ ದಾಟಿಯೇ. 57:30 ಬೇಕಿದ್ದರೆ ವಾಚಿನಲ್ಲಿ 5:41 ಇರಬೇಕು. ಇಲ್ಲವೇ ಆಟೋ ಲ್ಯಾಪ್ (ವಾಚು ತಾನೇ ಕಿಲೋಮೀಟರ್ ಗುರುತಿಸುವುದು) ಆಫ್ ಮಾಡಿ, ರಸ್ತೆಬದಿಯ ಕಿಲೋಮೀಟರ್ ಫಲಕದ ಬಳಿ ನೀವೇ ಬಟನ್ ಒತ್ತಿ: 5ನೇ ಫಲಕದಲ್ಲಿ 28:45, 8ನೆಯದರಲ್ಲಿ 46:00.