ಕಸಿ ಚಾಕು ಕಸ್ಟಮ್ಸ್ ದಾಟಿ ಬಂದ ಬಗೆ

ಹೊರದೇಶದ ಮಡಚುವ ಚಾಕು ತರಿಸೋಕೆ ಆಗಲ್ಲ, ಕಸ್ಟಮ್ಸ್‌ನಲ್ಲೇ ಹೋಗುತ್ತೆ ಅಂತ ನನಗೆ ಹೇಳದವರೇ ಕಡಿಮೆ. ನರ್ಸರಿ ನಡೆಸುವ ಗೆಳೆಯರು ಹೇಳಿದರು. ಕ್ಲಿಯರಿಂಗ್ ಏಜೆಂಟ್ ಒಬ್ಬರು ಫೋನಿನಲ್ಲೇ ಕೈ ಮುಗಿದರು. ಈಗ ನನ್ನ ಕಸಿ ಪೆಟ್ಟಿಗೆಯಲ್ಲಿ ಜರ್ಮನಿಯ ಟೀನಾ ಕಂಪನಿಯ ಕಸಿ ಚಾಕು ಇದೆ, ಸ್ವಿಸ್ ವಿಕ್ಟೋರಿನಾಕ್ಸ್ ಇದೆ, ಫ್ರಾನ್ಸಿನ ಒಪಿನೆಲ್ ಇದೆ. ಎಲ್ಲಕ್ಕೂ ಬಿಲ್ ಇದೆ, ಸುಂಕ ಕೊಡಬೇಕಾದ ಕಡೆ ಕೊಟ್ಟ ರಸೀದಿಯೂ ಇದೆ. ಕದ್ದು ತಂದದ್ದು ಒಂದೂ ಇಲ್ಲ.

ಕಸಿ ಕಟ್ಟುವವರಿಗೆ ಟೀನಾ ಯಾಕೆ ಅಂತ ವಿವರಿಸಬೇಕಿಲ್ಲ. ಒಂದೇ ಬದಿಗೆ ಸಾಣೆ ಹಿಡಿದ ಅಲಗು, ಹಲಸಿನ ಕಡ್ಡಿಯನ್ನು ಒಂದೇ ಎಳೆತಕ್ಕೆ ಸಪಾಟಾಗಿ ಸೀಳುತ್ತದೆ. ನನ್ನ ತೋಟದಲ್ಲಿ ಮೊದಲು ಹತ್ತಕ್ಕೆ ಆರು ಹಿಡಿಯುತ್ತಿದ್ದ ಹಲಸು ಈಗ ಎಂಟರ ಹತ್ತಿರ ಇದೆ. ಎಲ್ಲವೂ ಚಾಕುವಿನಿಂದಲೇ ಅಂತ ಹೇಳಲಾರೆ, ಆದರೆ ಅರ್ಧ ಪಾಲಂತೂ ಅದರದ್ದೇ.

ಮೊದಲು ಹಣ ಹೋದ ಕಥೆ. ಮೊದಲ ಪಾರ್ಸೆಲ್ 2021ರ ಸುಮಾರಿಗೆ. ಚಾಕುವಿಗೆ ಐದು ಸಾವಿರದ ಆಸುಪಾಸು, ಸಾಗಣೆಗೆ ಎರಡು ಸಾವಿರ ಚಿಲ್ಲರೆ. ಅಂಗಡಿಯವನು ಇನ್‌ವಾಯ್ಸ್‌ನಲ್ಲಿ ಬರೀ 'ಚಾಕು' ಅಂತ ಒಂದೇ ಪದ ಬರೆದಿದ್ದ. ಕೊರಿಯರ್ ಕಂಪನಿಯವರು ಆಯುಧ ಲೈಸೆನ್ಸ್ ಕೇಳಿದರು. ನಾನು ವಿವರಣೆ ಕಳಿಸುವಷ್ಟರಲ್ಲಿ ಪಾರ್ಸೆಲ್ ವಾಪಸ್ ಹೊರಟಿತ್ತು. ಅಂಗಡಿಯವನು ಚಾಕುವಿನ ಹಣ ಕೊಟ್ಟ, ಹೋಗಿ ಬರುವ ಸಾಗಣೆ ಖರ್ಚು ನನ್ನ ತಲೆಗೆ ಬಂತು. ಇನ್ನೊಂದು ಸಲ ಅಮೆರಿಕದ ಮಾರಾಟಗಾರ ತನ್ನ ಜಾಹೀರಾತಿನ ಹೆಸರನ್ನೇ ಬಿಲ್ಲಿಗೂ ಹಾಕಿದ. ಅದರಲ್ಲಿ 'ಟ್ಯಾಕ್ಟಿಕಲ್' ಅನ್ನುವ ಪದ ಇತ್ತು, ಅಂದರೆ ಕಾದಾಟಕ್ಕೆ ಮಾಡಿದ್ದು ಅನ್ನುವ ಧ್ವನಿ. ಪೇರಳೆ ಗಿಡದ ಕೊಂಬೆ ಕತ್ತರಿಸುವ ಚಾಕುವಿಗೆ ಆ ಪದ ಅಂಟಿಕೊಂಡರೆ ಮುಗಿಯಿತು. ಅದು ವಾಪಸ್ಸೂ ಬರಲಿಲ್ಲ, ನನಗೂ ಸಿಗಲಿಲ್ಲ. ಎಲ್ಲ ಸೇರಿ ಹದಿನೈದು ಸಾವಿರದ ಹತ್ತಿರ ಹೀಗೆ ಕರಗಿತು.

ಆಮೇಲೆ ಎಲ್ಲರೂ ಕೊಟ್ಟ ಉಪಾಯ ಒಂದೇ: ಮಗ ಜರ್ಮನಿಯಲ್ಲಿದ್ದಾನಲ್ವಾ, ಗಿಫ್ಟ್ ಅಂತ ಕಳಿಸೋಕೆ ಹೇಳಿ. ಇದನ್ನು ನಾನು ಮುಟ್ಟಲಿಲ್ಲ. ಪೋಸ್ಟು, ಕೊರಿಯರ್‌ನಲ್ಲಿ ಸುಂಕವಿಲ್ಲದೆ ಗಿಫ್ಟ್ ತರಿಸುವುದನ್ನು 2019ರ ಡಿಸೆಂಬರ್‌ನಲ್ಲೇ ನಿಲ್ಲಿಸಿದ್ದಾರೆ. ಬಿಟ್ಟಿರುವುದು ರಾಖಿ ಮತ್ತು ಜೀವ ಉಳಿಸುವ ಔಷಧಿ ಮಾತ್ರ. ಈಗಲೂ ಗಿಫ್ಟ್ ಅಂತ ಬರೆಸಿ ಸಿಕ್ಕಿಬೀಳುವವರನ್ನು ನೋಡಿದರೆ ಬೇಜಾರಾಗುತ್ತದೆ.

ನಾನು ಕೂತು ಓದಿದ್ದು 2016ರ ಆಯುಧ ನಿಯಮಗಳನ್ನು. ಅದರ ಮೊದಲ ಅನುಸೂಚಿಯಲ್ಲಿ ಐದನೇ ವರ್ಗ ನಮಗೆ ಬೇಕಾದದ್ದು. ಖಡ್ಗ, ಬಾಕು, ಭರ್ಜಿಗಳ ಜೊತೆಗೆ ಚಾಕುವೂ ಅಲ್ಲಿ ಬರುತ್ತದೆ, ಆದರೆ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದರೆ. ಅದರ ಪಕ್ಕದಲ್ಲೇ ಇನ್ನೊಂದು ಮಾತಿದೆ: ಮನೆಬಳಕೆ, ಕೃಷಿ, ವಿಜ್ಞಾನ, ಕೈಗಾರಿಕೆಗಾಗಿ ಮಾಡಿದವನ್ನು ಬಿಟ್ಟು. ನನ್ನ ಟೀನಾದ ಅಲಗು ಆರೂವರೆ ಸೆಂಟಿಮೀಟರ್ ಇದ್ದೀತು. 9 ಇಂಚು ಅಂದರೆ ಸುಮಾರು 23 ಸೆಂಟಿಮೀಟರ್. ಅದರ ಮೇಲೆ ಇದು ಕೃಷಿಯ ಹತ್ಯಾರು. ಲೈಸೆನ್ಸ್ ಪ್ರಶ್ನೆ ಎಲ್ಲಿಂದ ಬಂತು?

ಹಾಗಾಗಿ ಜಗಳ ಚಾಕುವಿನ ಬಗ್ಗೆ ಅಲ್ಲ, ಕಾಗದದ ಬಗ್ಗೆ. ಪೆಟ್ಟಿಗೆ ತೆರೆಯುವ ಅಧಿಕಾರಿಗೆ ಒಂದೆರಡು ನಿಮಿಷ ಇರುತ್ತದೆ ಅಷ್ಟೇ. ಆ ಹೊತ್ತಿನಲ್ಲಿ ಅವರ ಪ್ರಶ್ನೆಗಳಿಗೆಲ್ಲ ಉತ್ತರ ಕಣ್ಣೆದುರು ಇರಬೇಕು. ಅಂಗಡಿಯವನಿಗೆ ನಾನೇ ಬಿಲ್ಲಿನ ಸಾಲು ಬರೆದು ಕಳಿಸುತ್ತೇನೆ: ತೋಟಗಾರಿಕೆಯ ಮಡಚುವ ಕಸಿ ಚಾಕು, ಕೈಯಿಂದ ತೆರೆಯುವಂಥದ್ದು, ಸ್ಪ್ರಿಂಗ್ ಬಟನ್ ಇಲ್ಲ, ಅಲಗು ಇಷ್ಟು ಸೆಂಟಿಮೀಟರ್. ಜೊತೆಗೆ ಕಸ್ಟಮ್ಸ್‌ನವರು ವಸ್ತುಗಳನ್ನು ವಿಂಗಡಿಸುವ ಎಚ್‌ಎಸ್ ಕೋಡ್ 8211 93, ಅಂದರೆ ಅಲಗು ಹಿಡಿಗೆ ಗಟ್ಟಿಯಾಗಿ ಕೂತಿಲ್ಲದ ಚಾಕು. ಕೆಲವರು ಕೃಷಿ ಉಪಕರಣ ಅಂತ 8201 ಹಾಕಿಸುತ್ತಾರೆ. ಬೇಡ. ಕೊಂಬೆ ಸವರುವ ಚಾಕುವನ್ನೂ 8211ರಲ್ಲೇ ಸೇರಿಸಿದ್ದಾರೆ. ಕೋಡ್ ಒಂದು, ವಸ್ತು ಇನ್ನೊಂದು ಅಂತಾದರೆ ಅಲ್ಲಿಗೇ ಅನುಮಾನ ಶುರು. ಸ್ಕೇಲ್ ಪಕ್ಕದಲ್ಲಿಟ್ಟ ಅಲಗಿನ ಫೋಟೋ, ಐದನೇ ವರ್ಗದ ಪುಟದ ಪ್ರಿಂಟ್, ನನ್ನ ಕೆವೈಸಿ, ತೋಟದ ಪಹಣಿ ಪ್ರತಿ. ಪಹಣಿ ಯಾಕೆ ಅಂತ ನಕ್ಕವರಿದ್ದಾರೆ. ಕೆಲಸ ಮಾಡಿದ್ದು ಅದೇ.

ಈ ಕಾಗದಗಳನ್ನು ಪೆಟ್ಟಿಗೆಯಲ್ಲಿ ಎಲ್ಲಿ, ಯಾವ ಕ್ರಮದಲ್ಲಿ ಇಡಿಸುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಯಾವ ಅಂಗಡಿಯವನು ನಾನು ಹೇಳಿದ ಹಾಗೆ ಬರೆದುಕೊಡುತ್ತಾನೆ ಅನ್ನುವುದನ್ನೂ ಅಷ್ಟೇ. ವರ್ಷಗಟ್ಟಲೆ ಪತ್ರ ಬರೆದು ಪಳಗಿಸಿದ ಅಂಗಡಿ ಅದು.

ಮುಂದಿನ ಪಾರ್ಸೆಲ್ ಬಂದಾಗ ಕಸ್ಟಮ್ಸ್‌ನಿಂದ ಫೋನ್ ಬಂತು. "ಏನ್ರೀ, ಚಾಕು ತರಿಸಿದ್ದೀರಾ?"

"ಹೌದು ಸಾರ್, ಕಸಿ ಕಟ್ಟೋದು. ಒಳಗೆ ಕಾಗದ ಇದೆ, ನೋಡಿ."

ಸ್ವಲ್ಪ ಹೊತ್ತು ಮೌನ. "ಬಟನ್ ಒತ್ತಿದ್ರೆ ತೆರೆಯುತ್ತಾ?"

"ಇಲ್ಲ ಸಾರ್. ಎರಡು ಕೈ ಬೇಕು, ಉಗುರು ಹಾಕಿ ಎಳೀಬೇಕು."

ಎರಡು ದಿನಕ್ಕೆ ಚಾಕು ಮನೆಗೆ ಬಂತು. ಸುಂಕ ಮಾತ್ರ ಕೈ ಸುಟ್ಟಿತು. ಆಗ ಸ್ವಂತ ಬಳಕೆಗೆ ತರಿಸಿದ ವಸ್ತುವಿಗೆ ಎಲ್ಲ ಸೇರಿ ಶೇಕಡಾ 77ರ ಮೇಲಿತ್ತು, ಅದೂ ಸಾಗಣೆ ಖರ್ಚನ್ನೂ ಸೇರಿಸಿದ ಬೆಲೆಯ ಮೇಲೆ. ಐದು ಸಾವಿರದ ಚಾಕು ಕೈಗೆ ಬರುವಾಗ ಹದಿಮೂರು ಸಾವಿರದ ಹತ್ತಿರ ಆಯಿತು. ಆಮೇಲಿನ ಬಜೆಟ್‌ಗಳಲ್ಲಿ ದರ ಇಳಿದಿದೆ. ತರಿಸುವ ದಿನದ ದರ ನೋಡಿಯೇ ಹಣ ಕಟ್ಟಿ.

ಅಗ್ಗದ ದಾರಿ ಬೇರೆ ಇದೆ. ಮಗನ ಮನೆಗೆ ಹೋಗಿ ಬರುವಾಗ ಚೆಕ್-ಇನ್ ಬ್ಯಾಗಿನಲ್ಲಿ ಎರಡು ಮೂರು ತಂದೆ. ಆಗ ಬ್ಯಾಗೇಜ್ ನಿಯಮದಲ್ಲಿ 50,000 ರೂಪಾಯಿವರೆಗೆ ಸುಂಕ ಇರಲಿಲ್ಲ, ಅದರ ಮೇಲಿನ ಮೊತ್ತಕ್ಕೆ 38.5 ಶೇಕಡಾ. ನನ್ನದು ಇಪ್ಪತ್ತು ಸಾವಿರವೂ ದಾಟಲಿಲ್ಲ. ಅದೇ ಟೀನಾ ಐದು ಸಾವಿರ ಚಿಲ್ಲರೆಗೆ ಬಂತು. ಒಂದೇ ನಮೂನೆಯ ಹತ್ತು ಚಾಕು ತುಂಬಿಕೊಂಡು ಬಂದರೆ ವ್ಯಾಪಾರ ಅನ್ನಿಸುತ್ತದೆ, ಅದು ಬೇಡ. ಕ್ಯಾಬಿನ್ ಬ್ಯಾಗಿಗೆ ಕೈಹಾಕಲೇಬೇಡಿ. ಯೂರೋಪಿನ ನಿಯಮದಲ್ಲಿ 6 ಸೆಂಟಿಮೀಟರ್‌ವರೆಗಿನ ಅಲಗು ಕ್ಯಾಬಿನ್‌ಗೆ ಹೋಗುತ್ತದೆ, ನಮ್ಮಲ್ಲಿ ಬಿಡುವುದಿಲ್ಲ. ಮಧ್ಯೆ ವಿಮಾನ ಬದಲಿಸಿದರೆ ಅಲ್ಲಿ ಕಿತ್ತುಕೊಳ್ಳುತ್ತಾರೆ.

ಈಗ ಹೊರದೇಶದಲ್ಲಿ ಇಟ್ಟುಕೊಂಡು ಓಡಾಡುವ ವಿಷಯ. ಇಂಗ್ಲೆಂಡಿನಲ್ಲಿ ತಂಗಿ ಮಗಳಿಗೆ ಸೇಬಿನ ಗಿಡ ಇದೆ, ಕಸಿ ಕಟ್ಟಿಕೊಡು ಮಾವ ಅಂದಳು. ಹೊರಡುವ ಮೊದಲು ಅಲ್ಲಿನ 1988ರ ಕಾನೂನು ಓದಿದೆ. ಮಡಚುವ ಜೇಬಿನ ಚಾಕು, ಅಲಗಿನ ಅಂಚು 3 ಇಂಚು ಮೀರದಿದ್ದರೆ, ಕಾರಣ ಹೇಳದೆ ಜೇಬಿನಲ್ಲಿ ಇಟ್ಟುಕೊಳ್ಳಬಹುದು. ಆದರೆ ತೆರೆದ ಮೇಲೆ ಅಲಗು ಮಡಚದಂತೆ ಲಾಕ್ ಬೀಳುವ ಚಾಕುವನ್ನು ಅಲ್ಲಿನ ಕೋರ್ಟು ಮಡಚುವ ಚಾಕು ಅಂತ ಒಪ್ಪುವುದಿಲ್ಲ. ಲಾಕ್ ಬಿದ್ದ ಮೇಲೆ ಅದು ನೆಟ್ಟಗಿನ ಚಾಕುವೇ. ಇಲ್ಲಿ ನನ್ನ ಪ್ರೀತಿಯ ಒಪಿನೆಲ್ ಎಂಟನೇ ನಂಬರ್ ಸೋತಿತು. ಅಲಗು ಎಂಟೂವರೆ ಸೆಂಟಿಮೀಟರ್, ಕತ್ತಿನಲ್ಲಿ ಅಲಗನ್ನು ಲಾಕ್ ಮಾಡುವ, 1955ರಿಂದ ಬಂದಿರುವ ತಿರುಗಿಸುವ ಉಂಗುರ. ಎರಡು ಕಡೆಯಿಂದಲೂ ಹೊರಗೆ. ಟೀನಾಕ್ಕೆ ಲಾಕ್ ಇಲ್ಲ, ಸುಮ್ನೆ ಜೇಬಿನಲ್ಲಿಟ್ಟು ನಡೆದೆ. ಬಟನ್ ಚಾಕು, ಎರಡು ಹಿಡಿಗಳ ನಡುವೆ ಅಲಗು ಅಡಗುವ ಚಿಟ್ಟೆ ಚಾಕುಗಳನ್ನು ಅಲ್ಲಿ ಈಗ ಮನೆಯೊಳಗೆ ಇಡುವಂತೆಯೂ ಇಲ್ಲ, 2021ರಿಂದ.

ಜರ್ಮನಿಯಲ್ಲಿ ಲೆಕ್ಕವೇ ಬೇರೆ. ಅಲ್ಲಿ 2008ರಿಂದ ಒಂದೇ ಕೈಯಲ್ಲಿ ತೆರೆದು ಲಾಕ್ ಆಗುವ ಚಾಕುವನ್ನು ಸರಿಯಾದ ಕಾರಣವಿಲ್ಲದೆ ಹೊರಗೆ ಒಯ್ಯುವಂತಿಲ್ಲ. ಲಾಕ್ ಮಾತ್ರ ಇದ್ದರೆ ಅಡ್ಡಿಯಿಲ್ಲ, ಒಂದು ಕೈಯಲ್ಲಿ ತೆರೆಯುವುದು ಮಾತ್ರ ಇದ್ದರೂ ಅಡ್ಡಿಯಿಲ್ಲ, ಎರಡೂ ಸೇರಬಾರದು. ಮಗನ ಹತ್ತಿರ ಒಂದೇ ಕೈಯಲ್ಲಿ ತೆರೆಯೋಕೆ ಹೆಬ್ಬೆರಳಿನ ಗುಬಟು ಇರುವ, ಲಾಕ್ ಬೀಳುವ ಚಾಕು ಒಂದಿತ್ತು. ಆ ಗುಬಟನ್ನು ಬಿಚ್ಚಿದೆ. ಆಗಲೂ ಮಣಿಕಟ್ಟು ಜಾಡಿಸಿದರೆ ತೆರೆಯುತ್ತಿತ್ತು. ತಿರುಗಣೆ ಸ್ಕ್ರೂ ಬಿಗಿ ಮಾಡಿ, ಸ್ಕ್ರೂ ಸಡಿಲವಾಗದಂತೆ ಹಿಡಿಯುವ ನೀಲಿ ಲಾಕ್‌ಟೈಟ್ ಅಂಟು ಒಂದು ಹನಿ ಹಾಕಿದೆ. ಎಷ್ಟು ಬಿಗಿ ಅನ್ನುವುದೇ ಕೈಚಳಕ. ಜಾಸ್ತಿಯಾದರೆ ಉಗುರು ಕಿತ್ತುಬರುತ್ತದೆ. 2024ರ ಕೊನೆಯಿಂದ ಅಲ್ಲಿ ಹಬ್ಬ ಜಾತ್ರೆಗಳಲ್ಲಿ, ದೂರದ ರೈಲುಗಳಲ್ಲಿ ಇನ್ನೂ ಬಿಗಿಯಾಗಿದೆ. ರೈಲಿನಲ್ಲಿ ನಾನು ಬೀಗ ಹಾಕಿದ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಬ್ಯಾಗಿನ ತಳಕ್ಕೆ ಹಾಕಿದೆ.

ಆ ಜಾಡಿಸುವ ಪರೀಕ್ಷೆ ಕೆನಡಾದವರಿಗೆ ಜಾಸ್ತಿ ಮುಖ್ಯ. ಅಲ್ಲಿನ ಕಾನೂನಿನಲ್ಲಿ ಬಟನ್ನಿಂದಲೋ, ಗುರುತ್ವದಿಂದಲೋ, ಬೀಸಿದ ರಭಸದಿಂದಲೋ ತೆರೆಯುವ ಚಾಕು ನಿಷಿದ್ಧ. 2018ರಿಂದ ಗಡಿಯಲ್ಲಿ ಅದನ್ನು ಬಿಗಿಯಾಗಿ ಹಿಡಿದಿದ್ದಾರೆ. ಟೊರೊಂಟೊದಲ್ಲಿರುವ ನೆಂಟರೊಬ್ಬರು ಎಲ್ಲರೂ ಇಟ್ಟುಕೊಳ್ಳುವಂಥ ಮಡಚುವ ಚಾಕು ತರಿಸಿ ಕಳೆದುಕೊಂಡರು. ಅವರಿಗೆ ನಾನು ಹೇಳಿದ್ದು: ಉಗುರು ಹಾಕುವ ಗೀರು ಇರುವ, ಬೆನ್ನಿನ ಸ್ಪ್ರಿಂಗ್ ಗಟ್ಟಿ ಇರುವ ಹಳೇ ಮಾದರಿ ತರಿಸಿ. ಈ ಸಲ ಬಂತು.

ಅಮೆರಿಕದಲ್ಲಿ ರಾಜ್ಯಕ್ಕೊಂದು ಕಾನೂನು, ಅದನ್ನು ಇಲ್ಲಿ ಬಿಡಿಸುವುದಿಲ್ಲ. ನ್ಯೂಯಾರ್ಕ್ 2019ರಲ್ಲಿ ಬೀಸಿ ತೆರೆಯುವ ಚಾಕುವಿನ ನಿಷೇಧ ತೆಗೆದಿದೆ. ಜಪಾನಿನಲ್ಲಿ ಅಲಗಿನ ಉದ್ದಕ್ಕೆ ಮುಖ್ಯ ಗೆರೆ 6 ಸೆಂಟಿಮೀಟರ್, ಅಲ್ಲಿ ಸುಮ್ನೆ ಜೇಬಿನಲ್ಲಿಡುವುದೇ ತೊಂದರೆ.

ಮಧ್ಯೆ ಒಂದು ಬೇರೆ ಪ್ರಯೋಗ. ಟೀನಾ, ಒಪಿನೆಲ್ ಎರಡೂ ಕಾರ್ಬನ್ ಉಕ್ಕು. ನಮ್ಮ ಕರಾವಳಿಯ ಮಳೆಗಾಲದಲ್ಲಿ ರಾತ್ರಿ ಒರೆಸದೆ ಇಟ್ಟರೆ ಬೆಳಿಗ್ಗೆ ತುಕ್ಕು. ಹುಣಸೆಹಣ್ಣಿನ ಗಟ್ಟಿ ರಸ ಹಚ್ಚಿ ಅರ್ಧ ಗಂಟೆ ಬಿಟ್ಟು ತೊಳೆದೆ. ಅಲಗು ಬೂದು ನೀಲಿಗೆ ತಿರುಗಿತು, ತುಕ್ಕು ಬಹಳ ಕಡಿಮೆಯಾಯಿತು. ವಿನೆಗರ್‌ನಲ್ಲೂ ನೋಡಿದೆ, ಹುಣಸೆಯೇ ಸಮನಾಗಿ ಹಿಡಿಯುತ್ತದೆ. ಊರಿನ ಆಚಾರಿಯವರ ಹತ್ತಿರ ಹಳೇ ಗರಗಸದ ತುಂಡಿನಲ್ಲಿ ಒಂದು ಮಡಚುವ ಚಾಕು ಮಾಡಿಸಿದೆ, ಎಂಟುನೂರು ರೂಪಾಯಿಗೆ. ಅಲಗು ಬಹಳ ಚೆನ್ನಾಗಿ ಬಂತು. ಬೆನ್ನಿನ ಸ್ಪ್ರಿಂಗ್ ಮಾತ್ರ ಒಂದೇ ಮಳೆಗಾಲಕ್ಕೆ ಸಡಿಲವಾಯಿತು. ಸ್ಪ್ರಿಂಗ್ ಉಕ್ಕಿಗೆ ಲಾರಿ ಪಟ್ಟಿ ತಂದುಕೊಟ್ಟಿದ್ದೇನೆ, ಇನ್ನೊಂದು ಮಾಡುತ್ತಿದ್ದಾರೆ.

ನಮ್ಮ ದೇಶದೊಳಗೂ ಒಂದು ಕಡೆ ಎಚ್ಚರ ಬೇಕು. ದೆಹಲಿಯಲ್ಲಿ 1980ರ ಅಧಿಸೂಚನೆ ಒಂದಿದೆ. ಬಟನ್ ಅಥವಾ ಸ್ಪ್ರಿಂಗ್‌ನಿಂದ ತೆರೆಯುವ ಚಾಕುಗಳ ಬಗ್ಗೆ, 7.62 ಸೆಂಟಿಮೀಟರ್ ಉದ್ದ, 1.72 ಸೆಂಟಿಮೀಟರ್ ಅಗಲದ ಅಳತೆ ಅದರಲ್ಲಿದೆ. ಅಲ್ಲಿನ ಕೃಷಿ ಮೇಳಕ್ಕೆ ಹೋಗುವಾಗ ನಾನು ಒಯ್ದದ್ದು ಟೀನಾ ಒಂದೇ, ಜೊತೆಗೆ ಅದೇ ಪಹಣಿ, ಅದೇ ಬಿಲ್ಲು.

ನಮ್ಮಲ್ಲಿ ಕಸಿ ಕಟ್ಟುವ ಹುಡುಗನೊಬ್ಬ ಎಡಗೈಯವನು. ಒಂದು ಬದಿಯ ಸಾಣೆ ಅವನಿಗೆ ಉಲ್ಟಾ ಆಗುತ್ತದೆ. ಎಡಗೈಯವರಿಗೆಂದೇ ಮಾಡಿದ ಅಲಗಿಗೆ ಹೋದ ವಾರ ಹಣ ಕಟ್ಟಿದ್ದೇನೆ. ಬಿಲ್ಲಿನ ಸಾಲು ನಾನೇ ಬರೆದು ಕಳಿಸಿಯಾಗಿದೆ, ಈ ಸಲ 'ಎಡಗೈ' ಅನ್ನುವುದನ್ನೂ ಸೇರಿಸಿದ್ದೇನೆ. ಕಸಿಯ ಕಾಲ ಮುಗಿಯುವ ಮೊದಲು ಅವನ ಕೈಗೆ ಬರಬೇಕು.