ಬೆಂಗಳೂರು ಬಿಟ್ಟು ಬಂದು ಮೈಸೂರಿನಲ್ಲಿ ಕ್ವಾಲಿಟಿ ಕೆಲಸ ಹಿಡಿದ ಬಗೆ

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡಿ ಮೈಸೂರಿಗೆ ಬಂದವರ ಬಗ್ಗೆ ಇಲ್ಲಿನ ಎಚ್‌ಆರ್‌ಗಳಿಗೆ ಒಂದೇ ದೊಡ್ಡ ಅನುಮಾನ: ಈತ ಮೂರು ತಿಂಗಳು ಇದ್ದು ವಾಪಸ್ ಬೆಂಗಳೂರಿಗೆ ಹೋಗಿಬಿಡುತ್ತಾನಾ? ಅನುಭವ, ಡಿಪ್ಲೊಮಾ ಎಲ್ಲ ಆಮೇಲೆ. ಹಾಗಾಗಿ ನಾನು ರೆಸ್ಯೂಮೆಯ ತಲೆಯಲ್ಲೇ ಈ ಅನುಮಾನಕ್ಕೆ ಉತ್ತರ ಹಾಕಿದೆ. ಬೆಂಗಳೂರಿನ ಹಳೇ ವಿಳಾಸ ತೆಗೆದು ಮೈಸೂರಿನ ಬಡಾವಣೆಯ ಹೆಸರು, ‘ಕುಟುಂಬ ಸಮೇತ ಇಲ್ಲೇ ವಾಸ’, ‘ಮೂರೂ ಶಿಫ್ಟಿಗೆ ಸಿದ್ಧ, ಸ್ವಂತ ಬೈಕಿದೆ’, ಮತ್ತು ಯಾವ ದಿನದಿಂದ ಕೆಲಸಕ್ಕೆ ಬರಬಲ್ಲೆ ಎಂಬ ತಾರೀಕು. ‘ಸವಾಲಿನ ವಾತಾವರಣದಲ್ಲಿ ಬೆಳೆಯುವ ಹಂಬಲ’ ಅನ್ನುವಂಥ ಸಾಲನ್ನು ಯಾರೂ ಓದುವುದಿಲ್ಲ, ತೆಗೆದು ಹಾಕಿ.

ಮನೆ ಅಡ್ವಾನ್ಸ್ ಕೊಡುವ ಮುಂಚೆ ಕೆಲಸದ ದಿಕ್ಕು ಗೊತ್ತಾಗಬೇಕು. ಕಾರ್ಖಾನೆಗಳಿರುವ ಪ್ರದೇಶಗಳಲ್ಲಿ ಹೆಬ್ಬಾಳು, ಮೇಟಗಳ್ಳಿ, ಹೂಟಗಳ್ಳಿ, ಬೆಳವಾಡಿ, ಕೂರ್ಗಳ್ಳಿ ಒಂದು ಗುಂಪು. ವಿಜಯನಗರ, ಕುಂಬಾರಕೊಪ್ಪಲು, ಮಂಚೇಗೌಡನಕೊಪ್ಪಲು ಕಡೆ ಮನೆಯಿದ್ದರೆ ಇವೆಲ್ಲ ಹತ್ತಿರ. ಕಡಕೊಳ, ತಾಂಡವಪುರ, ನಂಜನಗೂಡು ಇನ್ನೊಂದು ದಿಕ್ಕು, ನಂಜನಗೂಡು ಹತ್ತಿರ ಹತ್ತಿರ ಇಪ್ಪತ್ತೈದು ಕಿಲೋಮೀಟರ್. ಬೆಳಗಿನ ಶಿಫ್ಟ್ 6ಕ್ಕೆ ಶುರುವಾದರೆ ಸಿಟಿ ಬಸ್ಸು ನಂಬಿಕೊಂಡು ಆಗುವುದಿಲ್ಲ. ಕಂಪನಿ ಬಸ್ಸಿದ್ದರೆ ಪಿಕಪ್ ಪಾಯಿಂಟ್ ಯಾವುದು, ರಾತ್ರಿ 10ಕ್ಕೆ ಬಿಟ್ಟಾಗ ಅದೇ ಬಸ್ಸು ಅಲ್ಲಿಗೇ ಬರುತ್ತದಾ ಎಂದು ಎರಡನ್ನೂ ಕೇಳಿ. ಮೊದಲ ತಿಂಗಳು ಪಿಜಿಯೋ ನೆಂಟರ ಮನೆಯೋ ವಾಸಿ.

ಕೆಲಸದ ಸುದ್ದಿ ಸಿಗುವ ಜಾಗವೂ ಬೇರೆ. ದೊಡ್ಡ ಕಂಪನಿಗಳದು ಆನ್‌ಲೈನಿನಲ್ಲಿ ಬರುತ್ತದೆ. ಅವರಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ಯೂನಿಟ್‌ಗಳದು ಗೇಟಿನ ಬೋರ್ಡಿನಲ್ಲಿ, ಇಲ್ಲವೇ ಒಳಗಿರುವವರ ವಾಟ್ಸಾಪಿನಲ್ಲಿ. ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ಎಲ್ಲರೂ ಪ್ರೊಡಕ್ಷನ್ ಮೀಟಿಂಗಿನಲ್ಲಿರುತ್ತಾರೆ. ಹನ್ನೊಂದರ ಸುಮಾರಿಗೆ ಹೋಗಿ ಸೆಕ್ಯುರಿಟಿಯವರ ಹತ್ತಿರ ‘ಕ್ಯೂಸಿಗೆ ಜನ ತಗೋತಿದ್ದಾರಾ ಅಣ್ಣ?’ ಎಂದು ಕೇಳಿದರೆ ನಿಜ ಗೊತ್ತಾಗುತ್ತದೆ (ಕ್ಯೂಸಿ ಅಂದರೆ ತಯಾರಾದ ಪೀಸುಗಳ ಗುಣಮಟ್ಟ ತಪಾಸಣೆ). ಬೋನಸ್ ಕೈಗೆ ಬಂದ ಮೇಲೆ ಕೆಲಸ ಬಿಡುವವರು ಜಾಸ್ತಿ. ಆದ್ದರಿಂದ ಆಯುಧಪೂಜೆ, ದೀಪಾವಳಿ ಕಳೆದ ಮೇಲಿನ ವಾರಗಳು ಹುಡುಕುವವರಿಗೆ ಒಳ್ಳೆಯ ಕಾಲ. ಕೆಲಸ ಕೊಡಿಸುತ್ತೇವೆಂದು ಮುಂಗಡ ಕೇಳುವವರಿಗೆ ಒಂದು ರೂಪಾಯಿಯೂ ಬೇಡ. ಮಾರ್ಕ್ಸ್ ಕಾರ್ಡಿನ ಒರಿಜಿನಲ್ ತೋರಿಸಿ, ಜೆರಾಕ್ಸ್ ಕೊಡಿ.

ಸಣ್ಣ ಯೂನಿಟ್‌ಗಳಲ್ಲಿ ಇಂಟರ್‌ವ್ಯೂ ಅಂದರೆ ಬಹುಪಾಲು ಟೇಬಲ್ಲಿನ ಮೇಲೆ ಒಂದು ಪೀಸು, ಒಂದು ಡ್ರಾಯಿಂಗು, ಒಂದು ಮೈಕ್ರೋಮೀಟರ್. ಡ್ರಾಯಿಂಗಿನಲ್ಲಿ ಹೊರವ್ಯಾಸ 20 ± 0.05 ಮಿ.ಮೀ. ಇದೆ ಅನ್ನಿ. ಎತ್ತಿಕೊಂಡ ಕೂಡಲೇ ಅಳೆಯಲು ಹೊರಟರೆ ಅಲ್ಲೇ ಅರ್ಧ ಮಾರ್ಕು ಹೋಯಿತು. ಮೊದಲು ಪೀಸಿನ ಎಣ್ಣೆ, ಬರ್ (ಕತ್ತರಿಸಿದಾಗ ಅಂಚಿನಲ್ಲಿ ಉಳಿಯುವ ಲೋಹದ ಚೂರು) ನೋಡಿ. ಅಂಚಿನ ಬರ್ ಮೇಲೆ ಅಳೆದರೆ ದಪ್ಪ ತೋರಿಸುತ್ತದೆ. ಮೈಕ್ರೋಮೀಟರಿನ ಎರಡೂ ಮುಖ ಒರೆಸಿ, ರ್‍ಯಾಚೆಟ್ (ತುದಿಯ ತಿರುಗಿಸುವ ಹಿಡಿ) ಹಿಡಿದು ಮುಚ್ಚಿ, ಸೊನ್ನೆ ಸರಿಯಿದೆಯಾ ನೋಡಿ. ಬೇಕೆಂದೇ ಸೊನ್ನೆ ತಪ್ಪಿದ್ದನ್ನು ಇಟ್ಟಿರುವುದೂ ಉಂಟು. ಮುಚ್ಚಿದಾಗ ಸೊನ್ನೆಗಿಂತ 0.02 ಕೆಳಗೆ ತೋರಿಸುತ್ತಿದ್ದು, ಪೀಸಿನ ಮೇಲೆ 20.02 ಬಂದರೆ ನಿಜವಾದ ಅಳತೆ 20.04. ಎರಡು ಮೂರು ಕಡೆ, ಪೀಸನ್ನು ತಿರುಗಿಸಿಯೂ ಅಳೆಯಿರಿ, ಅಂಡಾಕಾರವಿದ್ದರೆ ಆಗಲೇ ಸಿಕ್ಕಿಬೀಳುವುದು.

‘ಓಕೆ’ ಅಂತ ಹೇಳಿ ಸುಮ್ಮನಾಗುವವರೇ ಹೆಚ್ಚು. 20.04 ಪಾಸಾದರೂ ಮೇಲಿನ ಮಿತಿ 20.05ಕ್ಕೆ 0.01 ಮಾತ್ರ ಉಳಿದಿದೆ. ಟರ್ನಿಂಗಿನಲ್ಲಿ (ಲೇತ್ ಮೇಲೆ ಪೀಸು ಕೊರೆಯುವಾಗ) ಟೂಲ್ ಸವೆದಂತೆ ಹೊರವ್ಯಾಸ ದೊಡ್ಡದಾಗುತ್ತಾ ಹೋಗುತ್ತದೆ, ಅದಕ್ಕೆ ಮೆಷಿನ್‌ನಲ್ಲಿ ಕೊಡುವ ತಿದ್ದುಪಡಿಯೇ ಆಫ್‌ಸೆಟ್. ‘ಈ ಪೀಸು ಓಕೆ, ಆದರೆ ಆಫ್‌ಸೆಟ್ ಕೊಡಲು ಹೇಳಿ, ಮುಂದಿನವು ರಿಜೆಕ್ಟ್ ಆಗಬಹುದು’ ಅನ್ನಿ. ಎದುರಿನ ಮೇಲ್ವಿಚಾರಕರು ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗೆ ಕೂರುವುದು ಇಂಥ ಮಾತಿಗೆ.

ಕಾಗದಪತ್ರದಲ್ಲಿ ನಿಜವಾಗಿ ತೊಂದರೆ ಕೊಡುವುದು ಪಿಎಫ್. ಹಳೇ ಕಂಪನಿ ಪೋರ್ಟಲಿನಲ್ಲಿ ಕೆಲಸ ಬಿಟ್ಟ ತಾರೀಕು ಹಾಕದಿದ್ದರೆ, ಎರಡು ಕಡೆ ಒಟ್ಟಿಗೆ ದುಡಿಯುತ್ತಿದ್ದ ಹಾಗೆ ಕಾಣುತ್ತದೆ. ಕೊನೆಯ ವಂತಿಗೆ ಜಮೆಯಾಗಿ ಎರಡು ತಿಂಗಳಾದ ಮೇಲೆ ಯುಎಎನ್ (ಕಂಪನಿ ಬದಲಾದರೂ ಬದಲಾಗದ ನಮ್ಮ ಪಿಎಫ್ ಸಂಖ್ಯೆ) ಲಾಗಿನ್‌ನಲ್ಲಿ ‘ಮಾರ್ಕ್ ಎಕ್ಸಿಟ್’ ಮೂಲಕ ನಾವೇ ಹಾಕಿಕೊಳ್ಳಬಹುದು. ರಿಲೀವಿಂಗ್ ಲೆಟರಿನ ತಾರೀಕಿಗೆ ಅದು ತಾಳೆಯಾಗಬೇಕು. ಹೊಸ ಕಡೆ ಹಳೇ ಯುಎಎನ್ ಸಂಖ್ಯೆಯನ್ನೇ ಕೊಡಿ. ಆಧಾರ್, ಪ್ಯಾನ್, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡುಗಳಲ್ಲಿ ಹೆಸರಿನ ಇನಿಷಿಯಲ್ ಒಂದೊಂದು ಥರ ಇರುವುದು ನಮ್ಮ ಕಡೆಯ ಹಳೇ ರೋಗ, ಊರು ಬದಲಿಸುವ ಮುಂಚೆಯೇ ಸರಿಮಾಡಿಸಿ.

ಸಂಬಳದ ಮಾತಿಗೆ ಬಂದಾಗ ಸಿಟಿಸಿ (ಕಂಪನಿ ನಮ್ಮ ಮೇಲೆ ಮಾಡುವ ಒಟ್ಟು ಖರ್ಚು) ಕೇಳಿ ಹಿಗ್ಗಬೇಡಿ. ತಿಂಗಳಿಗೆ 25,000 ಸಿಟಿಸಿ, ಅದರಲ್ಲಿ ಬೇಸಿಕ್ ಮತ್ತು ಡಿಎ 15,000 ಅಂದುಕೊಳ್ಳಿ. ಕಂಪನಿ ಪಾಲಿನ ಪಿಎಫ್ ಶೇ. 12 ಅಂದರೆ 1,800, ಗ್ರ್ಯಾಚುಟಿ ಶೇ. 4.81ರಂತೆ 721, ಇವೆರಡನ್ನೂ ಸಿಟಿಸಿ ಒಳಗೇ ಸೇರಿಸಿದ್ದರೆ ಗ್ರಾಸ್ (ನಮ್ಮ ಪಾಲಿನ ಕಡಿತಕ್ಕೆ ಮೊದಲಿನ ಸಂಬಳ) ಉಳಿಯುವುದು 22,479. ಅದರಲ್ಲಿ ನಮ್ಮ ಪಾಲಿನ ಪಿಎಫ್ 1,800 ಹೋದರೆ ಕೈಗೆ 20,679, ಅದೂ ಕ್ಯಾಂಟೀನು, ಬಸ್ಸಿನ ಕಡಿತಕ್ಕೆ ಮೊದಲು. ಗ್ರಾಸ್ 21,000 ದಾಟದಿದ್ದರೆ ಕಾರ್ಮಿಕರ ಆರೋಗ್ಯ ವಿಮೆಯಾದ ಇಎಸ್‌ಐಗೆ ಶೇ. 0.75 ಹೋಗುತ್ತದೆ, ಮನೆಯವರಿಗೂ ಚಿಕಿತ್ಸೆ ಸಿಗುವುದರಿಂದ ಅದು ನಷ್ಟವಲ್ಲ.

ಆಫರ್ ಲೆಟರಿಗೆ ಸಹಿ ಹಾಕುವ ಮುಂಚೆ ಕೊನೆಯದಾಗಿ ಒಂದು ಕೇಳಬೇಕು: ಕಂಪನಿ ರೋಲೋ, ಕಂಟ್ರಾಕ್ಟರ್ ರೋಲೋ, ಅಂದರೆ ನಾವು ಯಾರ ನೌಕರರು? ಬಾಯಲ್ಲಿ ‘ಆರು ತಿಂಗಳಾದ ಮೇಲೆ ಕಂಪನಿಗೆ ತಗೋತೀವಿ’ ಅಂದರೆ ಪತ್ರದಲ್ಲಿ ಬರೆದುಕೊಡುತ್ತಾರಾ ನೋಡಿ. ಕಂಟ್ರಾಕ್ಟರ್ ರೋಲ್ ಆದರೂ ಪಿಎಫ್ ಕಟ್ಟಲೇಬೇಕಾದ ಕಡೆ ಒಂದು ತಿಂಗಳ ಹಣವನ್ನು ಮುಂದಿನ ತಿಂಗಳು 15ರೊಳಗೆ ಜಮೆ ಮಾಡಬೇಕು. ಮೊದಲ ಸಂಬಳ ಬಂದ ಮೇಲೆ, 20ನೇ ತಾರೀಕಿನ ಹೊತ್ತಿಗೆ ಪಿಎಫ್ ಪಾಸ್‌ಬುಕ್ ತೆಗೆದು ನೋಡಿ. ಸ್ಲಿಪ್ಪಿನಲ್ಲಿ ಕಡಿತವಾಗಿ ಪಾಸ್‌ಬುಕ್ಕಿನಲ್ಲಿ ಬಂದಿಲ್ಲವೆಂದರೆ, ಎರಡನೇ ತಿಂಗಳಿಗೆ ಕಾಯದೆ ಎಚ್‌ಆರ್‌ಗೆ ಇಮೇಲ್‌ನಲ್ಲೇ ಕೇಳಿ.